ಬಸುರಿ ಅಂದ ತಕ್ಷಣ ಕೆಲಸ ಬಿಡಿಸೋದಾ?

ಸಂಪಾದಕರೇ,

ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ನಮ್ಮ ಹಳ್ಳಿಗಳಿಂದ ಎಷ್ಟೋ ಹೆಣ್ಣುಮಕ್ಕಳು ಕಂಪನಿ ಬಸ್ ಹತ್ತುತ್ತಾರೆ. ಪಕ್ಕದ ಮನೆ ಹುಡುಗಿ ಬಸುರಿ ಎಂದು ತಿಳಿದಿದ್ದೇ ತಡ, 'ನಾಳೆಯಿಂದ ಬರಬೇಡಮ್ಮ' ಎಂದು ಗೇಟಿನಲ್ಲೇ ಐಡಿ ಕಾರ್ಡ್ ಕಿತ್ತುಕೊಂಡರು. ಗುತ್ತಿಗೆ ಕೆಲಸ ಅಲ್ವಾ, ಏನು ಕೇಳೋದು ಅಂತ ಅವಳೂ ಸುಮ್ಮನಾದಳು.

ಕೇಳಬಹುದು! ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಇದೆ, ಗುತ್ತಿಗೆಯವರಿಗೂ ಇದೆ, ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ಹಣ ಅಲ್ಲಿಂದ ಬರುತ್ತದೆ. ಸಂಬಳದ ಚೀಟಿ, ಮೇಲ್ವಿಚಾರಕರ ಮೆಸೇಜು ಜೋಪಾನವಾಗಿಡಿ. ಖಾಲಿ ಹಾಳೆಗೆ ಸಹಿ ಮಾತ್ರ ಹಾಕಬೇಡಿ. ಕಾರ್ಮಿಕ ಇಲಾಖೆಗೆ ದೂರು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ.

ಇಷ್ಟನ್ನು ಪ್ರತಿ ಕಾರ್ಖಾನೆ ಗೇಟಿನಲ್ಲೂ ದೊಡ್ಡ ಕನ್ನಡ ಅಕ್ಷರದಲ್ಲಿ ಹಾಕಿಸಲು ಇಲಾಖೆಗೆ ಏನು ಕಷ್ಟ?

– ಓದುಗರೊಬ್ಬರು, ಕೋಲಾರ