ಇಬ್ಬರು ಕೂರುವ ದಿನಕ್ಕೆ ತಕ್ಕ ಗಾಡಿ

ಚಿತ್ರದುರ್ಗ

ಚಿ. ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿಟುವಳ್ಳಿಯಿಂದ ಪಿ.ಬಿ. ರಸ್ತೆಯ ಆಫೀಸಿಗೆ ದಿನಾ ಓಡಾಡಲು ಸ್ಕೂಟರ್ ತಗೊಳ್ಳುವ ವಿಚಾರ ಬರೆದಿದ್ದೀಯ. ಆಗಾಗ ಅಮ್ಮನನ್ನು ಬಾಪೂಜಿ ಆಸ್ಪತ್ರೆಗೋ ದುಗ್ಗಮ್ಮನ ಗುಡಿಗೋ ಕರೆದುಕೊಂಡು ಹೋಗಬೇಕು ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀಯ. ನಾನು ಆ ಸಾಲನ್ನೇ ಮೊದಲು ಹಿಡಿಯುತ್ತೇನೆ. ಒಬ್ಬಳೇ ಊರೊಳಗೆ ಓಡಾಡುವುದಕ್ಕೆ ಈಗ ಸಿಗುವ ಯಾವ 110 ಸಿಸಿ ಸ್ಕೂಟರಾದರೂ ಆಗುತ್ತದೆ. ಗಾಡಿಯ ನಿಜ ಗೊತ್ತಾಗುವುದು ಹಿಂದೆ ಇನ್ನೊಬ್ಬರು ಕೂತಾಗ. ಆದ್ದರಿಂದ ಅಮ್ಮನಿಗೆ ಹೊಂದುವ ಗಾಡಿ ನೋಡು. ನಿನಗೆ ಅದು ಹೇಗೂ ಹೊಂದುತ್ತದೆ.

ಸ್ಕೂಟರಿನಲ್ಲಿ ಎಂಜಿನ್, ಬೆಲ್ಟು, ಹಿಂದಿನ ಚಕ್ರ ಮೂರೂ ಒಂದೇ ಗಡ್ಡೆಯಾಗಿ ಹಿಂದೆ ಇರುತ್ತವೆ. ಹಿಂದೆ ಕೂತವರ ಭಾರವೂ ಬಹುಪಾಲು ಹಿಂದಿನ ಚಕ್ರದ ಮೇಲೇ ಬೀಳುತ್ತದೆ. ಆಗ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೇಲಿದಂತಾಗುತ್ತದೆ, ಹಂಪ್ಸ್ ಬಂದರೆ ಹಿಂದಿನ ಶಾಕಪ್ ಪೂರ್ತಿ ಕುಸಿದು ದಡ್ ಎಂದು ಬಡಿಯುತ್ತದೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಅಮ್ಮ ಸೀರೆಯುಟ್ಟು ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂರುವವಳು. ಭಾರ ಎಡಕ್ಕೆ ವಾಲುವುದರಿಂದ ನಿಧಾನವಾಗಿ ತಿರುಗಿಸುವಾಗ ನೀನು ಬಲಕ್ಕೆ ಹಿಡಿತ ಕೊಡುತ್ತಲೇ ಇರಬೇಕು.

ಹಾಗಾಗಿ ಮೊದಲು ಚಕ್ರ ನೋಡು. ದಾವಣಗೆರೆಯದು ಕರಿಮಣ್ಣಿನ ಸೀಮೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲ. ಪೈಪಿಗೆಂದು ಅಗೆದು ಮುಚ್ಚಿದ ಕಡೆಯೆಲ್ಲ ರಸ್ತೆ ಅಡ್ಡಕ್ಕೆ ಕುಸಿದಿರುತ್ತದೆ. ಹತ್ತು ಇಂಚಿನ ಚಕ್ರ ಅಂಥ ಗುಂಡಿಯೊಳಗೆ ಇಳಿದು ಎದ್ದು ಬಂದರೆ, ಹನ್ನೆರಡು ಇಂಚಿನದು ಬಹಳ ಕಡೆ ಅದರ ಮೇಲೆ ಉರುಳಿ ಹೋಗುತ್ತದೆ. ಹಿಂದೆ ಕೂತವರ ಬೆನ್ನಿಗೆ ಈ ವ್ಯತ್ಯಾಸ ದೊಡ್ಡದು. ಹೋಂಡಾ ಆಕ್ಟಿವಾ, ಸುಜುಕಿ ಆಕ್ಸೆಸ್, ಯಮಹಾ ಫ್ಯಾಸಿನೋ ಮೂರಕ್ಕೂ ಮುಂದಿನದು 12 ಇಂಚು, ಹಿಂದಿನದು 10. ಟಿವಿಎಸ್ ಜುಪಿಟರ್‌ಗೆ ಎರಡೂ 12. ಸ್ಕೂಟಿ ಜೆಸ್ಟ್ ಹಗುರ, ಹ್ಯಾಂಡಲ್ ಹೂವಿನಂತೆ ತಿರುಗುತ್ತದೆ, ನಿನಗೆ ಇಷ್ಟವಾಗಬಹುದು. ಆದರೆ ಅದರ ಎರಡೂ ಚಕ್ರ 10 ಇಂಚಿನವು, ಸೀಟೂ ಗಿಡ್ಡ. ನಿಮ್ಮಿಬ್ಬರಿಗೆ ಅದು ಬೇಡ.

ಎಂಜಿನ್ ವಿಚಾರದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡ. ದಾವಣಗೆರೆ ನಮ್ಮ ದುರ್ಗದ ಹಾಗೆ ಏರು ಇಳಿಜಾರಿನ ಊರಲ್ಲ, ಬಹುಮಟ್ಟಿಗೆ ಸಮತಟ್ಟು. 110ರ ಎಂಜಿನ್ ಸುಮಾರು 9 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಎಳೆತ, ಕೊಟ್ಟರೆ 125ರದ್ದು 10ರ ಸುತ್ತಮುತ್ತ. ಒಬ್ಬರೇ ಇದ್ದಾಗ ಈ ಅಂತರ ಗೊತ್ತೇ ಆಗದು. ಇಬ್ಬರಿದ್ದಾಗ, ಅದೂ ರೈಲ್ವೆ ಅಂಡರ್‌ಪಾಸಿನ ಏರಿನಲ್ಲಿ ನಿಂತು ಮತ್ತೆ ಹೊರಡುವಾಗ, ಗೊತ್ತಾಗುತ್ತದೆ. ನಿಮ್ಮಿಬ್ಬರ ತೂಕ ಸೇರಿ 120 ಕೆಜಿಯೊಳಗೆ ಇದ್ದು, ಅಮ್ಮ ವಾರಕ್ಕೆ ಒಂದೋ ಎರಡೋ ಸಲ ಕೂರುವುದಾದರೆ 110 ಸಾಕು. ಹರಿಹರಕ್ಕೆ ಇಬ್ಬರೂ ಮೇಲಿಂದ ಮೇಲೆ ಹೋಗುವ ಹಾಗಿದ್ದರೆ ಮಾತ್ರ 125 ನೋಡು.

ಬೆಲ್ಟಿನ ಗಾಡಿ ಕೆಡುವುದು ಹೇಗೆ ಅಂತ ತಿಳಿದುಕೊಂಡಿರು. ಗಿಯರ್ ಇಲ್ಲ ಅಂದರೆ ಕ್ಲಚ್ ಇಲ್ಲ ಅಂತಲ್ಲ. ಎಂಜಿನ್ ವೇಗ ಏರಿದಾಗ ಹಿಂದಿರುವ ಕ್ಲಚ್ ಶೂಗಳು ತಾವೇ ಹೊರಕ್ಕೆ ಚಾಚಿ ಡ್ರಮ್ಮನ್ನು ಹಿಡಿಯುತ್ತವೆ. ಅರೆಬರೆ ರೇಸ್ ಕೊಟ್ಟರೆ ಅವು ಹಿಡಿಯದೆ ಉಜ್ಜುತ್ತಲೇ ಇರುತ್ತವೆ. ಇಬ್ಬರ ಭಾರ ಹೊತ್ತು ಮಂಡಿಪೇಟೆಯ ಸಂದಿಯಲ್ಲಿ ಲಾರಿಯ ಹಿಂದೆ ಇಂಚು ಇಂಚು ಸಾಗುವಾಗ, ಏರಿನಲ್ಲಿ ಬ್ರೇಕ್ ಬಿಟ್ಟು ಬರೀ ರೇಸಿನಲ್ಲೇ ಗಾಡಿ ನಿಲ್ಲಿಸಿಕೊಂಡಾಗ, ಶೂಗಳು ಕಾದು ಗಾಜಿನಂತೆ ನುಣುಪಾಗುತ್ತವೆ. ಆಮೇಲೆ ಹೊರಡುವಾಗೆಲ್ಲ ಗಾಡಿ ಗಡಗಡ ನಡುಗುತ್ತದೆ. ಏರಿನಲ್ಲಿ ನಿಂತರೆ ಬ್ರೇಕ್ ಹಿಡಿದೇ ನಿಲ್ಲು, ಹೊರಡುವಾಗ ಹದವಾಗಿ, ಆದರೆ ಅಳುಕದೆ ರೇಸ್ ಕೊಡು. ಬೆಲ್ಟನ್ನು 20 ಸಾವಿರ ಕಿಲೋಮೀಟರಿನ ಆಸುಪಾಸಿನಲ್ಲಿ ಬದಲಿಸಬೇಕು, ಸರಿಯಾದ ಲೆಕ್ಕ ಗಾಡಿಯ ಪುಸ್ತಕದಲ್ಲಿರುತ್ತದೆ. ಅದನ್ನು ಬಿಚ್ಚಿದಾಗಲೇ, ವೇಗಕ್ಕೆ ತಕ್ಕಂತೆ ಬೆಲ್ಟನ್ನು ಸರಿಸುವ ವೇರಿಯೇಟರಿನ ರೋಲರುಗಳನ್ನೂ ನೋಡಿಸು. ಒಂದು ಪಕ್ಕ ಸವೆದು ಚಪ್ಪಟೆಯಾಗಿದ್ದರೆ ಪಿಕಪ್ ಎಳೆಯುವುದಿಲ್ಲ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ.

ಮಳೆಗಾಲದಲ್ಲಿ ಅಂಡರ್‌ಪಾಸಿನಲ್ಲಿ ನೀರು ನಿಂತಿದ್ದರೆ ಸುತ್ತು ಬಳಸಿ ಹೋಗು. ಏರ್ ಫಿಲ್ಟರ್ ಪೆಟ್ಟಿಗೆ, ಬೆಲ್ಟಿಗೆ ಗಾಳಿ ಎಳೆಯುವ ಬಾಯಿ ಎರಡೂ ತಗ್ಗಿನಲ್ಲೇ ಇರುತ್ತವೆ. ಬೆಲ್ಟಿಗೆ ನೀರು ತಾಗಿದರೆ ಎಂಜಿನ್ ಓಡುತ್ತಿದ್ದರೂ ಗಾಡಿ ಮುಂದಕ್ಕೆ ಹೋಗುವುದಿಲ್ಲ. ಎಂಜಿನ್ನಿಗೇ ನೀರು ಹೋದರೆ ಖರ್ಚು ದೊಡ್ಡದು. ನೀರಿನಲ್ಲಿ ನಿಂತುಹೋದರೆ ಮತ್ತೆ ಮತ್ತೆ ಸೆಲ್ಫ್ ಒತ್ತದೆ ತಳ್ಳಿಕೊಂಡು ಹೊರಗೆ ತಾ.

ಈಗ ಷೋರೂಮಿಗೆ ಹೋಗುವ ಮಾತು. ಅಮ್ಮನಿಲ್ಲದೆ ಹೋಗಬೇಡ, ಅವಳು ದಿನಾ ಉಡುವಂಥ ಸೀರೆಯಲ್ಲೇ ಬರಲಿ. ಮೊದಲು ನೀನೊಬ್ಬಳೇ ಕೂತು ಎರಡೂ ಪಾದ ನೆಲಕ್ಕೆ ಊರುತ್ತವೆಯೇ ನೋಡು. ಈ ಗಾಡಿಗಳ ಸೀಟಿನ ಎತ್ತರವೆಲ್ಲ ಹೆಚ್ಚುಕಡಿಮೆ 760ರಿಂದ 780 ಮಿಲಿಮೀಟರ್. ಆದರೆ ಸೀಟು ಅಗಲವಾಗಿದ್ದರೆ ತೊಡೆ ಹರಡಿ ಕಾಲು ಮೋಟಾಗುತ್ತದೆ, ಹಾಗಾಗಿ ಕಾಗದದ ಮೇಲಿನ ಅಳತೆ ನಂಬಬೇಡ. ಬೆರಳ ತುದಿ ಮಾತ್ರ ತಾಗಿದರೆ ಅಮ್ಮ ಹತ್ತುವ ಹೊತ್ತಿಗೆ ಗಾಡಿ ವಾಲುತ್ತದೆ. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ ತೆಗೆದು ನೋಡು. ಗಾಡಿಯನ್ನು ಕೈಯಲ್ಲಿ ಎತ್ತಬಾರದು. ಸ್ಟ್ಯಾಂಡಿನ ಎರಡೂ ಕಾಲು ನೆಲಕ್ಕೆ ತಾಗಿಸಿ, ಬಲಗಾಲಿನಲ್ಲಿ ಮೈಭಾರ ಪೂರ್ತಿ ಸ್ಟ್ಯಾಂಡಿನ ಮೇಲೆ ಬಿಟ್ಟರೆ ಅದೇ ಏರುತ್ತದೆ. ಆಕ್ಟಿವಾ 106 ಕೆಜಿಯ ಹತ್ತಿರ, ಫ್ಯಾಸಿನೋ 125 ಸಿಸಿ ಆಗಿದ್ದೂ 99 ಕೆಜಿ. ನಿನ್ನಂಥ ಸಣ್ಣ ಮೈಯವರಿಗೆ ನಾಲ್ಕೈದು ಕೆಜಿಯೂ ಲೆಕ್ಕವೇ.

ಅಮ್ಮ ಹತ್ತುವಾಗ ಎಂಜಿನ್ ಆಫ್ ಇರಲಿ. ಇದೊಂದು ಮಾತು ಮಾತ್ರ ಮರೆಯಬೇಡ. ಸ್ಕೂಟರಿಗೆ ಕ್ಲಚ್ ಲಿವರ್ ಇಲ್ಲ. ಹಿಂದಿನವರು ಹತ್ತುವಾಗ ಗಾಡಿ ಅಲುಗಾಡಿ, ನೀನು ಬೀಳದಿರಲೆಂದು ಹ್ಯಾಂಡಲ್ ಗಟ್ಟಿಯಾಗಿ ಹಿಡಿದರೆ ಬಲಗೈ ತಾನಾಗಿ ರೇಸ್ ತಿರುಗಿಸಿಬಿಡುತ್ತದೆ, ಗಾಡಿ ಮುಂದಕ್ಕೆ ಜಿಗಿಯುತ್ತದೆ. ಬೀಳುವವರು ಹಿಂದಿನವರೇ. ಎರಡು ಕಾಲೂ ಊರಿ ಹಿಂದಿನ ಬ್ರೇಕ್ ಹಿಡಿದಿರು, ಅಮ್ಮ ಎಡಗಡೆಯಿಂದ ಹತ್ತಲಿ, ಕೂತೆ ಅಂತ ಹೇಳಲಿ, ಆಮೇಲೆ ಸೆಲ್ಫ್ ಒತ್ತು. ಬಲಗಡೆ ಸೈಲೆನ್ಸರ್ ಇರುತ್ತದೆ, ಅಲ್ಲಿಂದ ಹತ್ತಿದರೆ ಕಾಲು ಸುಡುತ್ತದೆ.

ಅವಳು ಕೂತ ಮೇಲೆ ಮೂರು ಸಂಗತಿ ಗಮನಿಸು. ಹಿಂದಿನ ಹಿಡಿಕೆ ಅವಳ ಬೆರಳು ಪೂರ್ತಿ ಸುತ್ತುವಷ್ಟು ಸಂದಿ ಬಿಟ್ಟಿದೆಯೇ, ಪಾದ ಊರಲು ಜಾಗ ಇದೆಯೇ, ಸೀಟು ಮುಂದಕ್ಕೆ ಇಳಿಜಾರಾಗಿದ್ದು ಬ್ರೇಕ್ ಹಿಡಿದಾಗ ಅವಳು ನಿನ್ನ ಬೆನ್ನಿಗೆ ಜಾರಿ ಬರುತ್ತಾಳೆಯೇ. ಕಂಪನಿಯ ಮಡಚುವ ಫುಟ್‌ರೆಸ್ಟ್ ಎರಡು ಕಡೆ ಕಾಲು ಹಾಕಿ ಕೂರುವವರಿಗೆಂದು ಇರುವುದು, ಒಂದು ಪಕ್ಕ ಕೂತವರ ಒಂದು ಪಾದ ಗಾಳಿಯಲ್ಲಿ ತೂಗಾಡುತ್ತದೆ. ಎಡಗಡೆಗೆ ಅಗಲವಾದ ಲೇಡೀಸ್ ಫುಟ್‌ರೆಸ್ಟ್ ಹಾಕಿಸು. ಹಾಕಿಸಿದ ಮೇಲೆ ಕಿಕ್ ಲಿವರ್ ಅದಕ್ಕೆ ತಗುಲದೆ ಪೂರ್ತಿ ಇಳಿಯುತ್ತದೆಯೇ ಅಲ್ಲೇ ಒದ್ದು ನೋಡು. ಹಿಂದೆ ಕೂರುವವರಿಗೆ ಕೈಹಿಡಿ, ಕಾಲಿಡುವ ಜಾಗ, ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷೆ, ಈ ಮೂರನ್ನೂ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಕಡ್ಡಾಯ ಮಾಡಿದೆ. ಎಡಗಡೆ ಬೆಲ್ಟಿನ ಡಬ್ಬಿ ಚಕ್ರವನ್ನು ಒಂದಷ್ಟು ಮರೆಮಾಡುತ್ತದೆ ನಿಜ. ಆದರೂ ಸೆರಗು ಮಡಿಲಲ್ಲಿ ಸಿಕ್ಕಿಸಿಕೊಂಡೇ ಕೂರಲಿ.

ಟೆಸ್ಟ್ ರೈಡ್ ಅಂತ ಷೋರೂಮಿನ ಮುಂದೆ ಒಂದು ಸುತ್ತು ಹೊಡೆಸಿ ಕಳಿಸುತ್ತಾರೆ, ಅಷ್ಟಕ್ಕೆ ಒಪ್ಪಬೇಡ. ಅಮ್ಮನನ್ನು ಕೂರಿಸಿಕೊಂಡು ಒಂದು ಹಂಪ್ಸ್ ದಾಟು, ಒಂದು ಯೂ ಟರ್ನ್ ತಗೋ, 30ರ ವೇಗದಲ್ಲಿ ಹಿಂದೆ ಯಾರೂ ಇಲ್ಲದ್ದು ನೋಡಿ ಎರಡೂ ಬ್ರೇಕ್ ಹಿಡಿದು ನಿಲ್ಲಿಸು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆಲ್ಲ ಕಾಂಬಿ ಬ್ರೇಕ್, ಇಲ್ಲವೇ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯ. ಕಾಂಬಿಯಲ್ಲಿ ಎಡಗೈ ಲಿವರ್ ಎಳೆದರೆ ಹಿಂದಿನದರ ಜೊತೆಗೆ ಮುಂದಿನದೂ ಒಂದಿಷ್ಟು ಹಿಡಿಯುತ್ತದೆ. ಹಾಗೆಂದು ಬಲಗೈ ಬಿಡಬೇಡ, ಗಾಡಿ ನಿಲ್ಲಿಸುವ ದೊಡ್ಡ ಬಲ ಮುಂದಿನ ಬ್ರೇಕಿನದೇ. ಕೈಲಾದರೆ ಮುಂದೆ ಡಿಸ್ಕ್ ಇರುವ ಮಾಡೆಲ್ ತಗೋ. ಇಬ್ಬರ ಭಾರಕ್ಕೆ ಅದರ ಹಿಡಿತ ಬೇರೆಯೇ. ಬ್ಲೂಟೂತ್ ಮೀಟರಿಗೆ ಕೊಡುವ ದುಡ್ಡನ್ನು ಇದಕ್ಕೆ ಹಾಕು.

ನನ್ನ ಮನಸ್ಸು ಕೇಳಿದರೆ ನಿನಗೆ ಜುಪಿಟರ್ 110. ಈಗಿನದು 113.3 ಸಿಸಿ. ಪೆಟ್ರೋಲ್ ಟ್ಯಾಂಕು ಕಾಲಿಡುವ ಹಲಗೆಯ ಕೆಳಗಿದೆ, ಹಾಗಾಗಿ ಭಾರ ತಗ್ಗಿನಲ್ಲಿ ಕೂತಿದೆ, ಮುಂದಿನಿಂದಲೇ ಪೆಟ್ರೋಲ್ ಹಾಕಿಸಬಹುದು, ಬಂಕಿನಲ್ಲಿ ಅಮ್ಮ ಇಳಿಯಬೇಕಾಗಿಲ್ಲ. ಡಿಕ್ಕಿಯೂ ದೊಡ್ಡದು, 33 ಲೀಟರ್. ಎರಡನೇ ಹೆಲ್ಮೆಟ್ ಇಡಲು ಜಾಗವಿದ್ದರೇ ಅದು ದಿನಾ ಗಾಡಿಯಲ್ಲಿ ಇರುತ್ತದೆ. ಆಕ್ಟಿವಾ ಯಾವ ಓಣಿಯ ಮಿಸ್ತ್ರಿಗೂ ಗೊತ್ತಿರುವ ಗಾಡಿ, ಮಾರುವಾಗ ಒಳ್ಳೆ ಬೆಲೆ ಬರುತ್ತದೆ. ಅದನ್ನೇ ಆರಿಸಿದರೂ ನನ್ನ ತಕರಾರಿಲ್ಲ. 125 ಬೇಕಾದರೆ ಉದ್ದ ಸೀಟಿಗಾಗಿ ಆಕ್ಸೆಸ್. ಮೈಲೇಜ್ ಎಲ್ಲದಕ್ಕೂ ಊರೊಳಗೆ 45ರ ಆಸುಪಾಸು ಅಂತ ಹಿಡಿ.

ಎಲೆಕ್ಟ್ರಿಕ್ ಬಗ್ಗೆಯೂ ಕೇಳಿದ್ದೀಯ. ಊರೊಳಗಿನ ಓಡಾಟಕ್ಕೆ ಅದು ಚೆನ್ನಾಗಿಯೇ ಇದೆ, ಎಳೆತ ಕ್ಲಚ್ಚಿನ ಹಂಗಿಲ್ಲದೆ ಮೊದಲಿಂದಲೇ ಬರುತ್ತದೆ, ನೂರು ಕಿಲೋಮೀಟರಿಗೆ 3ರಿಂದ 4 ಯೂನಿಟ್ ಕರೆಂಟ್ ಸಾಕು. ಆದರೆ ಗಾಡಿ ನಿಲ್ಲಿಸುವ ಜಾಗ ನೆಲಮಹಡಿಯಲ್ಲಿರಬೇಕು, ಅಲ್ಲಿ ಸರಿಯಾದ ಅರ್ಥಿಂಗ್ ಇರುವ 16 ಆಂಪಿಯರ್ ಪ್ಲಗ್ ಇರಬೇಕು, ಮನೆ ಬಾಡಿಗೆಯದಾದರೆ ಮಾಲೀಕರು ಒಪ್ಪಬೇಕು. ಮಹಡಿ ಮೇಲಿಂದ ಎಕ್ಸ್‌ಟೆನ್ಷನ್ ವೈರ್ ಇಳಿಬಿಡುವುದು ಬೇಡವೇ ಬೇಡ, ವೈರ್ ಕಾದು ಹೊತ್ತಿಕೊಳ್ಳುತ್ತದೆ. ಟಿವಿಎಸ್ ಐಕ್ಯೂಬ್, ಏಥರ್ ರಿಜ್ಟಾದಂಥವು 115 ಕೆಜಿ ಮೇಲೆಯೇ ತೂಗುತ್ತವೆ, ತಳ್ಳಿ ನೋಡಿ ತೀರ್ಮಾನಿಸು. ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕದೆ ಬ್ಯಾಟರಿ ಆರಲು ಬಿಡಬೇಕು. ಆ ಕಂಪನಿಯ ಸರ್ವಿಸ್ ಸೆಂಟರ್ ದಾವಣಗೆರೆಯಲ್ಲೇ ಇದೆಯೇ, ಕೆಲಸ ಮಾಡುತ್ತಿದೆಯೇ ಅಂತ ಹೋಗಿ ನೋಡದೆ ಮುಂಗಡ ಕೊಡಬೇಡ. ದುರ್ಗಕ್ಕೆ ಇಬ್ಬರೂ ಬರುವುದಾದರೆ ಬಸ್ಸಿಗೆ ಬನ್ನಿ. 60 ಕಿಲೋಮೀಟರ್ ಹೆದ್ದಾರಿ, ಲಾರಿ ಹಾದಾಗಿನ ಗಾಳಿ, ಹಿಂದೆ ಅಮ್ಮ. ಪೆಟ್ರೋಲ್ ಗಾಡಿಯಾದರೂ ಬೇಡ.

ಗಾಡಿ ಬಂದ ಮೇಲೆ ಟೈರಿನ ಗಾಳಿ ನಿನ್ನ ಕೆಲಸ. ಈ ಗಾತ್ರದ ಗಾಡಿಗಳಿಗೆ ಸಾಮಾನ್ಯವಾಗಿ ಮುಂದೆ 22 ಪಿಎಸ್‌ಐ, ಹಿಂದೆ ಒಬ್ಬರಿಗೆ 29, ಇಬ್ಬರಿಗೆ 36ರ ತನಕ. ನಿನ್ನ ಗಾಡಿಯ ಅಂಕಿ ಪುಸ್ತಕದಲ್ಲಿರುತ್ತದೆ, ಅದನ್ನೇ ಹೇಳಿ ಹಾಕಿಸು. ಬಂಕಿನ ಹುಡುಗರು ಎರಡಕ್ಕೂ ಒಂದೇ ಲೆಕ್ಕ ಹಾಕಿಬಿಡುತ್ತಾರೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಬೇಕು. ಹಿಂದಿನ ಶಾಕಪ್ಪಿಗೆ ಮೂರು ಮೆಟ್ಟಿಲಿನ ಹೊಂದಾಣಿಕೆ ಇದ್ದರೆ ಮಧ್ಯದ ಮೆಟ್ಟಿಲಿಗೆ ಇಡಿಸು. ಸರ್ವಿಸಿನಲ್ಲಿ ಎಂಜಿನ್ ಆಯಿಲ್ ಬದಲಿಸಿ ಗಿಯರ್ ಆಯಿಲ್ ಮರೆಯುವುದುಂಟು. ಹಿಂದಿನ ಚಕ್ರದ ಗಿಯರ್ ಡಬ್ಬಿಗೆ ಸುಮಾರು 100 ಮಿಲಿಲೀಟರ್ ಬೇರೆ ಎಣ್ಣೆ ಇರುತ್ತದೆ, ಅದನ್ನು ಬಾಯಿಬಿಟ್ಟು ಕೇಳು. ಷೋರೂಮಿನವರು ಹೊಳೆಯುವ ರೆಕ್ಸಿನ್ ಸೀಟ್ ಕವರ್ ಹೊಂದಿಸಿದರೆ ಬೇಡ ಅನ್ನು. ಅದು ನುಣುಪು, ಹಿಂದೆ ಒಂದು ಪಕ್ಕ ಕೂತವರು ಬ್ರೇಕಿಗೆ ಜಾರುತ್ತಾರೆ.

ಕೊಟೇಶನ್ನಿನಲ್ಲಿ ಎಕ್ಸ್ ಷೋರೂಂ ಬೆಲೆ, ನೋಂದಣಿ ಮತ್ತು ಆಜೀವ ತೆರಿಗೆ, ಇನ್ಶೂರೆನ್ಸ್, ಆಕ್ಸೆಸರೀಸ್ ಬೇರೆ ಬೇರೆ ಬರೆಸಿಕೋ. ಹ್ಯಾಂಡ್ಲಿಂಗ್ ಚಾರ್ಜ್ ಅಂತ ಇದ್ದರೆ ತೆಗೆಸು. ಇನ್ಶೂರೆನ್ಸ್ ಅವರಲ್ಲೇ ಮಾಡಿಸಬೇಕೆಂಬ ಕಟ್ಟಳೆಯಿಲ್ಲ. ಹೊಸ ಗಾಡಿಗೆ ಥರ್ಡ್ ಪಾರ್ಟಿ, ಅಂದರೆ ನಿನ್ನ ಗಾಡಿಯಿಂದ ಬೇರೆಯವರಿಗಾಗುವ ಹಾನಿಯ ವಿಮೆ, 5 ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು, ಗಾಡಿಯ ಸ್ವಂತ ಹಾನಿಯದ್ದು ಒಂದು ವರ್ಷಕ್ಕೆ ಇರಬಹುದು. ಆ ಒಂದು ವರ್ಷ ಮುಗಿದ ಮೇಲೆ ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಹಿಂದೆ ಕೂತವರಿಗೆ ಏನಾದರೂ ಆದರೆ ಪರಿಹಾರ ಸಿಗುವುದು ಕಷ್ಟ. ನೀನು ಪ್ರತಿ ವರ್ಷ ಸ್ವಂತ ಹಾನಿಯ ವಿಮೆಯನ್ನು ಬಿಡದೆ ಮುಂದುವರಿಸು, ಹಿಂಬದಿ ಸವಾರರ ಅಪಘಾತ ವಿಮೆಯನ್ನು ಕೇಳಿ ಸೇರಿಸು. ಹೆಲ್ಮೆಟ್ ಎರಡು, ಎರಡಕ್ಕೂ ಐಎಸ್‌ಐ ಗುರುತು. ಅಮ್ಮನದನ್ನು ಅವಳ ತುರುಬಿನ ಸಮೇತ ಹಾಕಿ ನೋಡಿಯೇ ತಗೊಳ್ಳಿ. ತುರುಬು ಮೇಲಿದ್ದರೆ ಹೆಲ್ಮೆಟ್ ಕೂರದೆ ಪಟ್ಟಿ ಸಡಿಲವಾಗುತ್ತದೆ, ಕೆಳಗೆ ಕಟ್ಟಿಕೊಳ್ಳಲಿ.

ಗಾಡಿ ಕೊಡುವ ದಿನ ಚಾಸಿಸ್ ನಂಬರ್ ಕಾಗದದ ಜೊತೆ ತಾಳೆ ನೋಡು, ತಯಾರಾದ ತಿಂಗಳನ್ನೂ ಕೇಳು. ಕೊಟೇಶನ್ ಸಿಕ್ಕ ಕೂಡಲೇ ಫೋಟೋ ಕಳಿಸು, ದುಡ್ಡು ಕಟ್ಟುವ ಮುಂಚೆ ಒಂದೊಂದು ಸಾಲೂ ನೋಡಿ ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ