ಒತ್ತಿಬಿಟ್ಟರೆ ಇಂಗ್ಲಿಷ್ ಬರುವುದಿಲ್ಲ

ಮಾನ್ಯ ಸಂಪಾದಕರೇ,

ನಮ್ಮ ರಾಯಚೂರು ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಡಿಗ್ರಿಗೆ ಬಂದ ಎಷ್ಟೋ ಮಕ್ಕಳು ಈಗ ಕೆಲಸದ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದು, ತಪ್ಪಿಗೆ ಗೆರೆ ಎಳೆದು ತಿದ್ದುಪಡಿ ಸೂಚಿಸುವ ಗ್ರಾಮರ್ಲಿ ಎಂಬ ತಂತ್ರಾಂಶಕ್ಕೆ ಹಾಕುತ್ತಾರೆ, ಗೆರೆ ಬಿದ್ದ ಕಡೆಯೆಲ್ಲ ಸುಮ್ನೆ ಒತ್ತುತ್ತಾ ಹೋಗುತ್ತಾರೆ. ಅರ್ಜಿ ಸರಿಹೋಗುತ್ತದೆ, ಅಷ್ಟೇ. ‘ಡಿಸ್ಕಸ್ ಅಬೌಟ್’ ಎಂದು ಬರೆದರೆ ‘ಅಬೌಟ್’ ತೆಗೆಯಿರಿ ಅನ್ನುತ್ತದೆ. ಯಾಕೆ ಅಂತ ತಿಳಿಯಬೇಕಲ್ವಾ, ಕಲಿಯುವುದು ಇರುವುದೇ ಅಲ್ಲಿ. ಅದು ಹೇಳಿದ್ದೆಲ್ಲ ಸರಿಯೂ ಅಲ್ಲ. ಮಾನ್ವಿ, ಲಿಂಗಸುಗೂರು ಅಂತ ಊರ ಹೆಸರು ಬರೆದರೂ ಒಮ್ಮೊಮ್ಮೆ ತಪ್ಪೆಂದು ಕೆಂಪು ಗೆರೆ ಎಳೆಯುತ್ತದೆ! ದುಡ್ಡು ಕೊಡಲಾಗದವರಿಗೆ ಇದೇ ಕೆಲಸ ಮಾಡುವ ಮುಕ್ತ ತಂತ್ರಾಂಶ ಲ್ಯಾಂಗ್ವೇಜ್‌ಟೂಲ್ ಇದೆ. ಕಾಲೇಜುಗಳು ವಾರಕ್ಕೊಂದು ತಾಸಾದರೂ ಕಂಪ್ಯೂಟರ್ ಲ್ಯಾಬಿನಲ್ಲಿ ಇಂಗ್ಲಿಷ್ ಉಪನ್ಯಾಸಕರನ್ನು ಜೊತೆಗೆ ಕೂರಿಸಿ, ಯಾವ ತಿದ್ದುಪಡಿ ಒಪ್ಪಬೇಕು, ಯಾವುದನ್ನು ಬಿಡಬೇಕು ಅಂತ ಕಲಿಸಲಿ.

– ಒಬ್ಬ ಓದುಗ, ರಾಯಚೂರು