ಭಾನುವಾರದ ಸಿನಿಮಾ: ಆ ವೇಟರ್ ಮೇಲೂ ಒಂದು ಕಣ್ಣಿರಲಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ 1942ರ ‘ಕಾಸಾಬ್ಲಾಂಕಾ’ ಹಾಕುತ್ತೇವೆ. ನಾಯಕ, ನಾಯಕಿಯನ್ನು ಹೇಗೂ ನೋಡೇ ನೋಡ್ತೀರಿ. ಈ ಸಲ ಕನ್ನಡಕದ ಹೆಡ್ ವೇಟರ್ ಕಾರ್ಲ್‌ನನ್ನೂ ಗಮನಿಸಿ. ಗುಂಡು ಮುಖ, ಜೋತುಬಿದ್ದ ಕೆನ್ನೆ.

ಆ ಪಾತ್ರ ಮಾಡಿದ ನಟ ಎಸ್. ಝಡ್. ಸಕಾಲ್. 1883ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದವರು. ಹಂಗೇರಿಯನ್ ಭಾಷೆಯಲ್ಲಿ ಸಕಾಲ್ ಅಂದ್ರೆ ಗಡ್ಡ. ಅದು ಹುಟ್ಟು ಹೆಸರಲ್ಲ, ನಟನೆಗೆ ಇಟ್ಟುಕೊಂಡ ಹೆಸರು! ಜರ್ಮನ್ ಸಿನಿಮಾಗಳಲ್ಲಿ ನಗಿಸುತ್ತಿದ್ದರು. ಯಹೂದಿಯಾದ್ದರಿಂದ ಹಿಟ್ಲರ್ ಬಂದ ಮೇಲೆ ಅಲ್ಲಿರಲು ಆಗಲಿಲ್ಲ. ಹಾಲಿವುಡ್ ಸೇರುವಾಗ ವಯಸ್ಸು 55 ದಾಟಿತ್ತು, ಇಂಗ್ಲಿಷ್ ಅಷ್ಟಕ್ಕಷ್ಟೇ. ಅದೇ ಹರಕು ಇಂಗ್ಲಿಷ್ ಅವರ ಬಂಡವಾಳವಾಯಿತು. ಗಾಬರಿಯಾದರೆ ಎರಡೂ ಕೈಯಿಂದ ಕೆನ್ನೆ ಹಿಡಿದುಕೊಳ್ಳುತ್ತಿದ್ದರು, ಜನ ಬಿದ್ದುಬಿದ್ದು ನಗುತ್ತಿದ್ದರು.

ಒಂದು ದೃಶ್ಯ ಮಾತ್ರ ತಪ್ಪಿಸಬೇಡಿ. ಅಮೆರಿಕಕ್ಕೆ ಹೊರಟ ವಯಸ್ಸಾದ ದಂಪತಿ ಇಂಗ್ಲಿಷ್ ಅಭ್ಯಾಸ ಮಾಡುತ್ತಾರೆ. ಟೈಮ್ ಎಷ್ಟು ಅಂತ ಕೇಳಲು ಗಂಡ ‘ಯಾವ ವಾಚು?’ ಅನ್ನುತ್ತಾನೆ. ಹೆಂಡತಿ ‘ಹತ್ತು ವಾಚು’ ಅನ್ನುತ್ತಾಳೆ. ಅಮೆರಿಕದಲ್ಲಿ ನಿಮಗೇನೂ ತೊಂದರೆಯಾಗಲ್ಲ ಅಂತ ಕಾರ್ಲ್ ಧೈರ್ಯ ಹೇಳುತ್ತಾನೆ. ನಗು ಬರುತ್ತೆ, ಅಲ್ವಾ? ಆದರೆ ಯುರೋಪಿನಲ್ಲೇ ಉಳಿದಿದ್ದ ಸಕಾಲ್ ಅವರ ಮೂವರು ಸೋದರಿಯರು ನಾಜಿ ಶಿಬಿರಗಳಲ್ಲಿ ಸತ್ತರು. ಸಕಾಲ್ ತೀರಿಕೊಂಡಿದ್ದು 1955ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ.

ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ. ಕುರ್ಚಿ ಕಡಿಮೆ ಇವೆ. ಕುರುಕಲು ತಂದರೆ ಜಾಸ್ತಿನೇ ತನ್ನಿ.